ಕಾರಿಲ್ಲದವನ ಕೈಗೆ ಕಾರಿನ ಕೀ

ನನಗೆ ಟೋಪಿ ಹಾಕುವ ಟ್ಯಾಕ್ಸಿ ಡ್ರೈವರ್ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಅಕಸ್ಮಾತ್ ಹುಟ್ಟಿದ್ದರೂ ಅವನಿಗಿನ್ನೂ ಲೈಸೆನ್ಸ್ ಸಿಕ್ಕಿಲ್ಲ!

ಹೀಗೆಂದು ನಾನು ಘೋಷಿಸಿದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದು. ಸಭಿಕರು ಇಬ್ಬರೇ: ನನ್ನ ಹೆಂಡತಿ ಮತ್ತು ಕುಕ್ಕರ್. ಕುಕ್ಕರ್ ಒಂದು ಸೀಟಿಯಾದರೂ ಹೊಡೆಯಿತು. ಹೆಂಡತಿ ಅದನ್ನೂ ಹೊಡೆಯಲಿಲ್ಲ.

"ಇಷ್ಟೊಂದು ಜಂಬ ಒಳ್ಳೇದಲ್ಲ ರೀ. ಆ ಊರಿನ ಟ್ಯಾಕ್ಸಿಯೋರು ಭಾರೀ ಪಾಕಡಾಗಳಂತೆ" ಎಂದಳು.

"ಅವರು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಕಣೇ!"

"ತೂರಿ, ಬೇಡ ಅನ್ನಲ್ಲ. ಆದ್ರೆ ನಾಲ್ಕು ಗಂಟೆ ಹೊತ್ತಿಗೆ ಮೇಲಕ್ಕೆ ಬನ್ನಿ. ನಾನು ಕೇಳೋದು ಅಷ್ಟೇ."

ಈ ನಾಲ್ಕು ಗಂಟೆಯ ವಿಷಯ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹೂಜಿ, ಬಕೆಟ್ಟು, ಬಾಳೆಹಣ್ಣು ಇವನ್ನು ಮಕ್ಕಳ ಕೈಯಲ್ಲಿ ಬಿಡಿಸಿ ಬಿಡಿಸಿಯೇ ಅವಳ ಅರ್ಧ ಆಯುಸ್ಸು ಕಳೆದಿದೆ. ತನಗೆಂದು ಬರೆದುಕೊಂಡ ಚಿತ್ರಗಳೆಲ್ಲ ಮಂಚದ ಕೆಳಗೆ, ಹಳೆಯ ಸೂಟ್‌ಕೇಸಿನ ಜೊತೆ ಧೂಳು ಹಂಚಿಕೊಂಡು ಮಲಗಿವೆ. ಅಂಥವಳ ಒಂದು ಚಿತ್ರ ಆ ಪ್ರಸಿದ್ಧ ಪ್ರವಾಸಿ ಊರಿನ ದೊಡ್ಡ ಕಲಾ ಪ್ರದರ್ಶನಕ್ಕೆ ಆಯ್ಕೆಯಾಗಿತ್ತು! ಉದ್ಘಾಟನೆ ನಾಲ್ಕು ಗಂಟೆಗೆ. ಕಲಾವಿದರು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ತಂತಮ್ಮ ಚಿತ್ರದ ಬಗ್ಗೆ ನಾಲ್ಕು ಮಾತಾಡಬೇಕು. ಆ ನಾಲ್ಕು ಮಾತನ್ನು ಅವಳು ಕನ್ನಡಿಯ ಮುಂದೆ, ಬಟ್ಟೆ ಒಣಹಾಕುವಾಗ ತಂತಿಯ ಮುಂದೆ, ಕೊನೆಗೆ ತೊಳೆದಿಟ್ಟ ಪಾತ್ರೆಗಳ ಮುಂದೆಯೂ ಅಭ್ಯಾಸ ಮಾಡುತ್ತಿದ್ದಳು. ನಾನು ಹತ್ತಿರ ಬಂದರೆ ಮಾತ್ರ ಬಾಯಿ ಮುಚ್ಚಿಬಿಡುತ್ತಿದ್ದಳು.

ಚಿತ್ರ ಯಾವುದೆಂದು ನಾನು ನೋಡಿರಲಿಲ್ಲ. ಕೊರಿಯರ್‌ಗೆ ಕೊಡುವ ಮೊದಲು "ಒಂದ್ಸಲ ಬಂದು ನೋಡಿ ರೀ" ಎಂದು ಕರೆದಿದ್ದಳು. ನಾನು ಹೋಗಿ ಪ್ಯಾಕಿಂಗ್ ಟೇಪು ನೋಡಿದೆ, ರಸೀದಿ ನೋಡಿದೆ, ಕೊರಿಯರ್‌ನವನ ಗುರುತಿನ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಚಿತ್ರ ನೋಡುವುದು ಮರೆತೆ. "ಹೋಗ್ಲಿ ಬಿಡಿ, ಅಲ್ಲೇ ಗೋಡೆ ಮೇಲೆ ನೋಡೋರಂತೆ" ಎಂದಳು. ಹಾಗೆನ್ನುವಾಗ ಅವಳ ತುಟಿಯಂಚಿನಲ್ಲಿ ಒಂದು ಸಣ್ಣ ನಗು ಇತ್ತು. ಲೋಕದ ಸಮಸ್ತ ವಸ್ತುಗಳ ಮೇಲೂ ಸಂಶಯಪಡುವ ನನಗೆ ಆ ನಗುವಿನ ಮೇಲೆ ಮಾತ್ರ ಸಂಶಯ ಬರಲಿಲ್ಲ ನೋಡಿ!

ಸಂಶಯಪಡುವುದು ನನ್ನ ಚಟವಲ್ಲ, ಕಸುಬು. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆ ಹಚ್ಚುವುದು ನನ್ನ ಕೆಲಸ. ಆಫೀಸಿನಲ್ಲಿ ನನ್ನನ್ನು 'ಮೂಗು' ಎಂದು ಕರೆಯುತ್ತಾರೆ. ವಾಸನೆ ಹಿಡಿಯುತ್ತೇನೆಂಬ ಗೌರವದಿಂದ ಕರೆಯುತ್ತಾರೆಂದೇ ಇಷ್ಟು ದಿನ ನಂಬಿಕೊಂಡಿದ್ದೇನೆ. ನನ್ನ ವಿಧಾನ ಸರಳ: ಒಂದೇ ಪ್ರಶ್ನೆಯನ್ನು ಮೂರು ವೇಷದಲ್ಲಿ ಮೂರು ಸಲ ಕೇಳುವುದು. ಒಬ್ಬ ಮಹಾನುಭಾವ ಬೆಂಕಿಯಲ್ಲಿ ಫ್ರಿಜ್ ಸುಟ್ಟುಹೋಯಿತೆಂದು ಬಂದಿದ್ದ. ಒಳಗೆ ಏನಿತ್ತೆಂದು ಕೇಳಿದೆ. ಮೊದಲ ಸಲ ಹಾಲು ಎಂದ, ಎರಡನೇ ಸಲ ಟೊಮೇಟೊ ಎಂದ, ಮೂರನೇ ಸಲಕ್ಕೆ ಸುಸ್ತಾಗಿ "ಬಟ್ಟೆ ಸಾರ್" ಎಂದುಬಿಟ್ಟ!

"ಮೂರು ಸಲವೂ ಒಂದೇ ಉತ್ತರ ಕೊಟ್ರೆ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

"ಉರು ಹೊಡೆದು ಬಂದಿದ್ದಾನೆ ಅಂತ ಅರ್ಥ. ಅವನು ಇನ್ನೂ ದೊಡ್ಡ ಕಳ್ಳ!"

"ಹಾಗಾದ್ರೆ ನಿಜ ಹೇಳೋನು ಏನು ಮಾಡ್ಬೇಕು?"

"ನಿಜ ಹೇಳೋನು ಕ್ಲೇಮಿಗೇ ಬರಲ್ಲ ಕಣೇ!"

ಮನೆಯಲ್ಲೂ ಇದೇ ಶಿಸ್ತು. ಬಾಗಿಲಿಗೆ ದಪ್ಪ ಸರಪಳಿ ಹಾಕಿಸಿದ್ದೇನೆ. ಗಂಟೆ ಬಾರಿಸಿದವರು ಯಾರೇ ಇರಲಿ, ಸರಪಳಿಯ ಸಂದಿಯಲ್ಲಿ ಒಂದು ಕಣ್ಣಿಟ್ಟು "ಯಾರು?" ಎಂದು ವಿಚಾರಿಸದೆ ತೆಗೆದವನೇ ಅಲ್ಲ. ಒಮ್ಮೆ ನನ್ನ ಭಾವಮೈದ ಅಕ್ಕನಿಗೆಂದು ಐಸ್‌ಕ್ರೀಮ್ ತಂದಿದ್ದ. ನನ್ನ ಮೂರು ಪ್ರಶ್ನೆ ಮುಗಿಯುವ ಹೊತ್ತಿಗೆ ಅದು ಮತ್ತೆ ಹಾಲಾಗಿತ್ತು.

ಇಂಥ ನಾನು ಪ್ರಯಾಣಕ್ಕೆ ಸಿದ್ಧತೆ ಇಲ್ಲದೆ ಹೊರಡುತ್ತೇನೆಯೇ? 'ಪ್ರವಾಸಿಗರೇ, ಟ್ಯಾಕ್ಸಿ ಮೋಸದಿಂದ ಪಾರಾಗಿ' ಎಂಬ ವಿಡಿಯೋಗಳನ್ನೆಲ್ಲ ನೋಡಿ ಅರೆದು ಕುಡಿದೆ. ಮೀಟರ್ ಕೆಟ್ಟಿದೆ ಅನ್ನುವವನನ್ನು ನಂಬಬೇಡಿ. ದಾರಿ ಬಂದ್ ಆಗಿದೆ, ಸುತ್ತಿ ಹೋಗಬೇಕು ಅನ್ನುವವನನ್ನಂತೂ ನಂಬಲೇಬೇಡಿ. ಊರಿಗೆ ಹೊಸಬರೆಂದು ತೋರಿಸಿಕೊಳ್ಳಬೇಡಿ. ಪರ್ಸು ನಿಮ್ಮ ಜೇಬಿನಲ್ಲಿಡಬೇಡಿ. ಇವೆಲ್ಲಕ್ಕೂ ಕಿರೀಟವಿಟ್ಟಂಥ ಒಂದು ಬ್ರಹ್ಮಾಸ್ತ್ರವಿತ್ತು: ಕೈಯಲ್ಲೊಂದು ಕಾರಿನ ಕೀ ಹಿಡಿದು ಬೆರಳಲ್ಲಿ ಗಿರಗಿರ ತಿರುಗಿಸುತ್ತಾ ನಡೆಯಿರಿ, ಇವರ ಬಳಿ ಸ್ವಂತ ಕಾರಿದೆ ಎಂದುಕೊಂಡು ಯಾವ ಡ್ರೈವರೂ ನಿಮ್ಮ ಹತ್ತಿರ ಸುಳಿಯುವುದಿಲ್ಲ!

ಎಂಥಾ ತಲೆ! ತೊಂದರೆ ಏನೆಂದರೆ ನಮಗೆ ಕಾರಿಲ್ಲ. ನಮ್ಮ ಸ್ಕೂಟರಿನ ಕೀ ತಿರುಗಿಸಿದರೆ ಬೀರುವಿನ ಕೀಯಂತೆ ಕಾಣುತ್ತದೆ. ಡೂಪ್ಲಿಕೇಟ್ ಕೀ ಮಾಡುವ ಅಂಗಡಿಗೆ ಹೋಗಿ, ಯಾರೋ ಬಿಟ್ಟುಹೋದ ಹಳೆಯದೊಂದು ಕಾರಿನ ಕೀ ಕೇಳಿ ತಂದೆ.

"ಕಾರಿಲ್ಲದೋನ ಕೈಲಿ ಕಾರಿನ ಕೀ! ನೋಡಿದೋರು ಏನಂದುಕೊಳ್ಳಲ್ಲ?" ಎಂದಳು ಹೆಂಡತಿ.

"ಅಂದುಕೊಳ್ಳಲಿ ಅಂತಾನೇ ಹಿಡ್ಕೊಂಡಿರೋದು!"

ಪರ್ಸು, ಗುರುತಿನ ಚೀಟಿ, ಕಾರ್ಡುಗಳೆಲ್ಲ ಅವಳ ಬ್ಯಾಗಿನ ಒಳಜೇಬಿಗೆ ಸೇರಿದವು. ಸ್ಥಳೀಯನಂತೆ ಕಾಣಬೇಕಲ್ಲ, ಅದಕ್ಕೆ ಹೂವಿನ ಅಂಗಿ, ಟೋಪಿ, ಕಪ್ಪು ಕನ್ನಡಕ ಎಲ್ಲ ತಿರಸ್ಕರಿಸಿ ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಪ್ಪು ಪ್ಯಾಂಟು ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ನನ್ನನ್ನು ನಾನೇ ಪ್ರವಾಸಿಯೆಂದು ನಂಬಲಾರೆ, ಹಾಗಿದ್ದೆ.

ರೈಲು ಇಳಿದಾಗ ಎರಡು ಗಂಟೆ ಆಗಿತ್ತು. ಸಭಾಂಗಣ ಇದ್ದದ್ದು ಊರಿನ ಆಚೆ ತುದಿಯಲ್ಲಿ, ಅರ್ಧ ಗಂಟೆಯ ದಾರಿ. ಸಾಕಷ್ಟು ಸಮಯವಿದೆ ಎಂದು ಹೆಂಡತಿಯ ಮುಖ ಅರಳಿತ್ತು. ಹೊರಗೆ ಟ್ಯಾಕ್ಸಿ ಸ್ಟ್ಯಾಂಡು. ಅದರ ಗೋಡೆಯ ಮೇಲೆ ಗಾಜು ಹಾಕಿದ ಒಂದು ಬೋರ್ಡು: 'ವಂಚಕರಿದ್ದಾರೆ, ಎಚ್ಚರಿಕೆ!' ಕೆಳಗೆ ನಾಲ್ಕಾರು ಖದೀಮರ ಫೋಟೋಗಳು. ಅದನ್ನು ಕಂಡು ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು! ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

"ನೋಡಿದ್ಯಾ? ಇಂಥವರನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದೆ.

"ನೋಡಿದೆ. ನಡೀರಿ ಈಗ" ಎಂದು ಅವಳು ಸಾಲಿನ ಮೊದಲ ಟ್ಯಾಕ್ಸಿಯ ಕಡೆ ಹೆಜ್ಜೆ ಹಾಕಿದಳು.

ಆ ಟ್ಯಾಕ್ಸಿಯ ಡ್ರೈವರು ಸೆಖೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ. ಸೆಖೆಯಲ್ಲಿ ಮಫ್ಲರ್! ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ನನ್ನ ಮೂಗು ಕೂಡಲೇ ಹೇಳಿತು.

"ಬನ್ನಿ ಮೇಡಂ, ಬನ್ನಿ ಸಾರ್. ಮೀಟರ್ ಹಾಕ್ತೀನಿ" ಎಂದ.

"ಮೀಟರ್ ಸರಿ ಇದ್ಯಾ?" ಎಂದೆ.

"ಇದೆ ಸಾರ್."

"ಕೆಟ್ಟಿಲ್ಲ ತಾನೇ?"

"ಇಲ್ಲ ಸಾರ್."

"ಕೊನೇ ಸಲ ಯಾವಾಗ ರಿಪೇರಿ ಮಾಡಿಸಿದ್ದು?"

"ಕೆಟ್ಟಿಲ್ಲ ಅಂದ ಮೇಲೆ ರಿಪೇರಿ ಯಾಕೆ ಮಾಡಿಸ್ಲಿ ಸಾರ್?"

ಉರು ಹೊಡೆದಿದ್ದಾನೆ! ಬೇರೆ ಬಾಣ ಹೂಡಿದೆ. "ಯಾವ ದಾರೀಲಿ ಹೋಗ್ತೀಯಪ್ಪಾ?"

"ಕೆರೆ ರಸ್ತೆ ಹತ್ತಿರ ಆಗ್ತಿತ್ತು ಸಾರ್. ಆದ್ರೆ ಪೈಪ್ ಹಾಕೋಕೆ ಅಗೆದುಬಿಟ್ಟಿದ್ದಾರೆ, ಬಂದ್ ಆಗಿದೆ. ಮಾರ್ಕೆಟ್ ಕಡೆಯಿಂದ ಸುತ್ತಿ ಹೋಗ್ಬೇಕು."

ಬಂದ್! ಸುತ್ತಿ! ವಿಡಿಯೋದಲ್ಲಿ ಹೇಳಿದ್ದ ಮಾತು, ಅಕ್ಷರಶಃ! ನಾನು ಹೆಂಡತಿಯ ಕಡೆ ತಿರುಗಿ ವಿಜಯದ ನಗೆ ಬೀರಿದೆ. "ಸಿಕ್ಕಿಬಿದ್ದ ನೋಡು ಮೀನು!"

"ರೀ, ಪಾಪ, ಇದ್ದದ್ದನ್ನ ಹೇಳ್ತಿದ್ದಾರೆ. ಹತ್ತೋಣ ಬನ್ನಿ" ಎಂದು ಅವಳು ಪಿಸುಗುಟ್ಟಿದಳು.

"ನಿನಗೇನು ಗೊತ್ತು ಲೋಕ? ನೀನು ಈ ಕಂಬದ ಹತ್ರ ನಿಂತಿರು. ಐದೇ ನಿಮಿಷ, ನಾನು ಹೋಗಿ ಒಂದು ಸಮೀಕ್ಷೆ ಮಾಡ್ಕೊಂಡು ಬರ್ತೀನಿ."

"ನಾಲ್ಕು ಗಂಟೆಗೆ..."

"ತಲುಪಿಸೋ ಜವಾಬ್ದಾರಿ ನಂದು!" ಎಂದು ಎದೆ ತಟ್ಟಿಕೊಂಡು, ಕೀ ತಿರುಗಿಸುತ್ತಾ, ಸ್ಟ್ಯಾಂಡಿನ ಇನ್ನೊಂದು ತುದಿಗೆ ಹೊರಟೆ.

ಬ್ರಹ್ಮಾಸ್ತ್ರ ಕೆಲಸ ಮಾಡಿತು. ಗಾಡಿಗಳ ಟೈರು, ನಂಬರು ನೋಡುತ್ತಾ ಅರ್ಧ ಗಂಟೆ ಅಡ್ಡಾಡಿದರೂ ಒಬ್ಬನೇ ಒಬ್ಬ ಡ್ರೈವರು ನನ್ನ ಬಳಿ ಬರಲಿಲ್ಲ. ಬಂದವರು ಪ್ರವಾಸಿಗರು!

ಮೊದಲು ಒಬ್ಬ ಅಜ್ಜ, ಅಜ್ಜಿ. ಅಜ್ಜನ ಕೈಯಲ್ಲಿ ಅವನಷ್ಟೇ ವಯಸ್ಸಾದ ಸೂಟ್‌ಕೇಸು. "ಏನಪ್ಪಾ, ಕೋಟೆ ಇಲ್ಲಿಂದ ಎಷ್ಟು ದೂರ?" ಎಂದು ಕೇಳಿದರು.

ಊರಿಗೆ ಹೊಸಬನೆಂದು ತೋರಿಸಿಕೊಳ್ಳಬಾರದಲ್ಲ! ನಕ್ಷೆಯಲ್ಲಿ ನೋಡಿ ಉರು ಹೊಡೆದದ್ದು ನಾಲಿಗೆಯ ತುದಿಯಲ್ಲಿತ್ತು. "ಕೋಟೆನಾ? ಇಲ್ಲೇ ಪಕ್ಕದಲ್ಲಿ. ಹತ್ತು ನಿಮಿಷ" ಎಂದೆ, ಹುಟ್ಟಿದ್ದೇ ಆ ಕೋಟೆಯೊಳಗೆ ಎಂಬಂತೆ.

"ಎಷ್ಟಾಗುತ್ತೆ?"

"ಇನ್ನೂರು. ಅದಕ್ಕಿಂತ ಒಂದು ಪೈಸೆ ಜಾಸ್ತಿ ಕೊಡಬಾರದು!"

ಅಜ್ಜಿಯ ಮುಖ ಹೂವಾಯಿತು. "ಅಲ್ಲಿ ಎಲ್ಲರೂ ನಾನೂರು ಅಂತಾರೆ ಕಣ್ರೀ. ಇವನು ಸಂಭಾವಿತ, ಹೂಂ ಅನ್ನಿ" ಎಂದು ಗಂಡನ ಪಕ್ಕೆಗೆ ತಿವಿದರು. ಅಜ್ಜ ಸೂಟ್‌ಕೇಸನ್ನು ನನ್ನ ಕಾಲ ಮೇಲೆ ಇಳಿಸಿ, ಎರಡು ನೂರರ ನೋಟುಗಳನ್ನು ನನ್ನ ಬಿಳಿ ಶರ್ಟಿನ ಜೇಬಿಗೆ ತುರುಕಿದರು. "ಮೊದಲೇ ಕೊಟ್ಟಿರ್ತೀನಿ. ಆಮೇಲೆ ಮಾತು ಬದಲಾಯಿಸ್ಬೇಡಪ್ಪಾ."

"ಅಯ್ಯೋ, ನಾನು ಡ್ರೈವರ್ ಅಲ್ಲ!"

"ಕೀ ತಿರುಗಿಸ್ತಾ ನಿಂತಿದ್ದೀಯಲ್ಲ?"

"ಅದು ಸುಮ್ಮನೆ!"

"ಹಾಗಾದ್ರೆ ದುಡ್ಡು ಜೇಬಿಗೆ ಹಾಕ್ದಾಗ ಯಾಕೆ ಸುಮ್ಮನಿದ್ದೆ?"

ನಾನು ಸುಮ್ಮನಿದ್ದದ್ದು ಕಾಲಬೆರಳ ನೋವಿಗೆ! ಅದನ್ನು ವಿವರಿಸುವಷ್ಟರಲ್ಲಿ 'ಇನ್ನೂರು' ಎಂಬ ಶಬ್ದ ಗಾಳಿಯಲ್ಲಿ ಹಬ್ಬಿಬಿಟ್ಟಿತ್ತು. ಮೂರು ಮಕ್ಕಳ ಸಂಸಾರವೊಂದು ಓಡಿಬಂತು. "ನಮಗೂ ಇನ್ನೂರೇನಾ?" ಅವರ ಹಿಂದೆ ಕ್ಯಾಮೆರಾ ತೂಗುಹಾಕಿಕೊಂಡ ನಾಲ್ವರು. ಅವರ ಹಿಂದೆ ಇನ್ಯಾರೋ. ನೋಡನೋಡುತ್ತಿದ್ದಂತೆ ನನ್ನ ಹಿಂದೆ ಒಂದು ಸಾಲೇ ನಿಂತಿತು. ಮಧ್ಯೆ ನುಗ್ಗಿದವನನ್ನು ಅಜ್ಜಿ "ಸಾಲಲ್ಲಿ ಬಾರಯ್ಯಾ, ನಮ್ಮ ಡ್ರೈವರ್ರು ಎಲ್ಲಿಗೂ ಓಡಿಹೋಗಲ್ಲ" ಎಂದು ಗದರಿಸಿದರು. ಓಡಿಹೋಗುವುದೇ ಆಗ ನನ್ನ ಏಕೈಕ ಆಸೆಯಾಗಿತ್ತು.

ಅಲ್ಲಿಯ ಟ್ಯಾಕ್ಸಿಯವರ ಸಮವಸ್ತ್ರ ಏನೆಂದು ನಾನಾಗ ಗಮನಿಸಿದೆ. ಬಿಳಿ ಶರ್ಟು, ಕಪ್ಪು ಪ್ಯಾಂಟು!

ಗಮನಿಸಿದ್ದು ನಾನೊಬ್ಬನೇ ಅಲ್ಲ. ಸ್ಟ್ಯಾಂಡಿನ ಲೀಡರು ಎದ್ದು ಬಂದ. ಆಳಿಗಿಂತ ಎರಡು ಹೆಜ್ಜೆ ಮುಂದೆ ಮೀಸೆ. ಅವನ ಹಿಂದೆ ಡ್ರೈವರುಗಳ ದಂಡು.

"ಯಾವ ಊರೋನಯ್ಯಾ ನೀನು? ನಮ್ಮ ಸ್ಟ್ಯಾಂಡಿಗೆ ಬಂದು, ಅರ್ಧ ರೇಟಿಗೆ ನಮ್ಮ ಪ್ಯಾಸೆಂಜರ್ ಹೊಡ್ಕೊಂಡು ಹೋಗ್ತೀಯಾ?"

"ನಾನು ಇದೇ ಊರೋನು!" ಎಂದುಬಿಟ್ಟೆ. ಹಾಳು ವಿಡಿಯೋ!

"ಹೌದಾ? ಯಾವ ಬೀದಿ?"

ನಕ್ಷೆಯಲ್ಲಿ ಕೋಟೆ ಇತ್ತು, ಕೆರೆ ಇತ್ತು. ಮನೆ ಮಾಡಬಹುದಾದ ಬೀದಿಯೊಂದೂ ನೆನಪಾಗಲಿಲ್ಲ. "ಕೋಟೆ ಒಳಗೆ" ಎಂದೆ.

"ಓಹೋ, ಮಹಾರಾಜರು!" ಎಂದು ಮೀಸೆ ನನ್ನ ರಟ್ಟೆ ಹಿಡಿದ. ಮೆರವಣಿಗೆ ನಿಲ್ದಾಣದ ಪೊಲೀಸ್ ಚೌಕಿಯತ್ತ ಹೊರಟಿತು. ಅಜ್ಜ, ಅಜ್ಜಿ, ಸೂಟ್‌ಕೇಸು ಸಮೇತ.

ತಿರುಗಿ ಕಂಬದ ಕಡೆ ನೋಡಿದೆ. ಕಂಬವಿತ್ತು, ಹೆಂಡತಿ ಇರಲಿಲ್ಲ. ಗದ್ದಲದಲ್ಲಿ ಕೇಳಿಸದೇ ಹೋಗಿದ್ದ ಮೊಬೈಲಿನಲ್ಲಿ ಅವಳ ಸಂದೇಶವಿತ್ತು: 'ಐದು ನಿಮಿಷ ಅಂದೋರು ಮುಕ್ಕಾಲು ಗಂಟೆಯಾದ್ರೂ ಬರಲಿಲ್ಲ. ಹತ್ತು ಸಲ ಫೋನ್ ಮಾಡಿದೆ. ಮಫ್ಲರ್ ಅವರ ಗಾಡಿಯಲ್ಲಿ ಹೊರಟೆ. ಸಮೀಕ್ಷೆ ಮುಗಿದ ಮೇಲೆ ಬನ್ನಿ.'

ಅವಳ ಜೊತೆಗೆ ನನ್ನ ಪರ್ಸು, ಗುರುತಿನ ಚೀಟಿ, ಎಲ್ಲವೂ ಹೊರಟಿದ್ದವು. ನಾನು ಯಾರೆಂಬುದಕ್ಕೆ ನನ್ನ ಬಳಿ ಉಳಿದಿದ್ದ ಸಾಕ್ಷಿ ಎಂದರೆ ಒಂದು ಕೀ ಮತ್ತು ಅಜ್ಜನ ಇನ್ನೂರು!

ಚೌಕಿಯಲ್ಲಿ ಒಂದು ಮೇಜು, ಒಂದು ಬೆಂಚು, ಕುಂಟುವ ಒಂದು ಫ್ಯಾನು. ಪೊಲೀಸಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆ ನೋಟ ನನಗೆ ಚಿರಪರಿಚಿತ. ದಿನವೂ ನಾನು ಮೇಜಿನ ಈಚೆಯಿಂದ ನೋಡುವ ನೋಟ ಅದು. ಆಚೆಯಿಂದ ನೋಡಿಸಿಕೊಂಡದ್ದು ಅದೇ ಮೊದಲು.

"ಗಾಡಿ ಎಲ್ಲಿ?"

"ಗಾಡಿ ಇಲ್ಲ ಸಾರ್."

"ಗಾಡಿ ಇಲ್ದೇ ಕೀ ಯಾಕೆ?"

"ಗಾಡಿ ಇದೆ ಅಂತ ತೋರಿಸ್ಕೊಳ್ಳೋಕೆ."

"ಯಾರಿಗೆ?"

"ಟ್ಯಾಕ್ಸಿಯೋರಿಗೆ. ಅವರು ನನಗೆ ಮೋಸ ಮಾಡಬಾರದು ಅಂತ."

"ಅಂದ್ರೆ, ಅವರು ಮೋಸ ಮಾಡೋಕೆ ಮುಂಚೆ ನೀನೇ ಮಾಡ್ಬಿಡೋಣ ಅಂತ! ಯಾವ ಕಾರಿನ ಕೀ ಇದು?"

"ಗೊತ್ತಿಲ್ಲ ಸಾರ್. ಡೂಪ್ಲಿಕೇಟ್ ಕೀ ಮಾಡೋನ ಹತ್ರ ತಗೊಂಡೆ."

ಪೊಲೀಸಪ್ಪ ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದ. "ಡೂಪ್ಲಿಕೇಟ್ ಕೀ! ಕಾರು ಕದಿಯೋ ಅಭ್ಯಾಸ ಬೇರೆ ಇದ್ಯಾ?"

ಬಾಯಿ ತೆಗೆದರೆ ಒಂದು ಕೇಸು ಹೆಚ್ಚಾಗುತ್ತಿತ್ತು. ಪೊಲೀಸಪ್ಪ ಅದೇ ಪ್ರಶ್ನೆಯನ್ನು ಎರಡನೇ ಸಲ ಬೇರೆ ಥರ ಕೇಳಿದ. ಅದೇ ಉತ್ತರ ಕೊಟ್ಟೆ. "ಚೆನ್ನಾಗಿ ಉರು ಹೊಡೆದಿದ್ದೀಯ" ಎಂದ. ಮೂರನೇ ಸಲ ಕೇಳಿದ. ಗಾಬರಿಯಲ್ಲಿ ಕೀ ನನ್ನ ಸ್ನೇಹಿತನದು ಎಂದೆ. "ಈಗ ಕಥೆ ಬದಲಾಯ್ತು!" ಎಂದು ಮೇಜು ಕುಟ್ಟಿದ.

"ಹಾಗಾದ್ರೆ ನಿಜ ಹೇಳೋನು ಏನು ಮಾಡ್ಬೇಕು ಸಾರ್?" ಎಂದು ಗೋಗರೆದೆ.

"ನಿಜ ಹೇಳೋನು ಚೌಕಿಗೇ ಬರಲ್ಲ ಕಣಯ್ಯಾ!"

ನನ್ನ ವಿದ್ಯೆ ನನಗೇ ತಿರುಗಿ ಬಿದ್ದಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಹೇಳಿಲ್ಲ. ಫ್ರಿಜ್ಜಿನಲ್ಲಿ ಬಟ್ಟೆ ಇತ್ತು ಎಂದಿದ್ದ ಆ ಮನುಷ್ಯ ನೆನಪಾದ. ಪಾಪ, ಅವನ ಫ್ರಿಜ್ ನಿಜವಾಗಿಯೂ ಸುಟ್ಟಿತ್ತೋ ಏನೋ!

ಗೋಡೆಯ ಗಡಿಯಾರದಲ್ಲಿ ಆಗಲೇ ನಾಲ್ಕು ದಾಟಿತ್ತು. "ಸಾರ್, ನನ್ನ ಹೆಂಡತಿಗೆ ಒಂದು ಫೋನ್ ಮಾಡಿ. ನಾನು ಯಾರು ಅಂತ ಅವಳು ಹೇಳ್ತಾಳೆ" ಎಂದು ಕೈಮುಗಿದೆ. ಪೊಲೀಸಪ್ಪ ನನ್ನ ಮೊಬೈಲಿನಿಂದಲೇ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಮೀಸೆ, ಅಜ್ಜ, ಅಜ್ಜಿ ಎಲ್ಲರೂ ಬಗ್ಗಿದರು.

"ಅಮ್ಮಾ, ಪೊಲೀಸ್ ಚೌಕಿಯಿಂದ. ಬಿಳಿ ಶರ್ಟಿನ ಒಬ್ಬ ಮನುಷ್ಯ ಸಿಕ್ಕಿದ್ದಾನೆ. ನಿಮ್ಮ ಗಂಡ ಅಂತಾನೆ."

ಆ ಕಡೆ ಮೈಕಿನ ಸದ್ದು. "ಕೈಲಿ ಕಾರಿನ ಕೀ ಇದ್ಯಾ?"

"ಇದೆ."

"ಕಾರು?"

"ಇಲ್ಲ."

"ಹಾಗಾದ್ರೆ ನಮ್ಮನೆಯವರೇ" ಎಂದು ನಿಟ್ಟುಸಿರಿಟ್ಟಳು. "ತಪ್ಪು ಮಾಡೋರಲ್ಲ ಸಾರ್, ಸ್ವಲ್ಪ ಹುಷಾರು ಜಾಸ್ತಿ. ಅಯ್ಯೋ, ನನ್ನ ಸರದಿ ಬಂತು, ಕರೀತಿದ್ದಾರೆ! ಅವರನ್ನ ಅಲ್ಲೇ ಕೂರಿಸ್ಕೊಂಡಿರಿ, ಗಾಡಿ ಕಳಿಸ್ತೀನಿ. ಚೌಕಿಯಲ್ಲಿದ್ರೆ ಅವರಿಗೆ ಯಾರೂ ಮೋಸ ಮಾಡೋಕಾಗಲ್ಲ."

ಫೋನ್ ಕಟ್ಟಾಯಿತು. ಚೌಕಿ ಪೂರ್ತಿ ನಕ್ಕಿತು. ಕುಂಟು ಫ್ಯಾನೂ ಕಿಸಕ್ಕೆಂದಿತು. ಅಜ್ಜ ನನ್ನ ಜೇಬಿನಿಂದ ತಮ್ಮ ನೋಟುಗಳನ್ನು ತಾವೇ ಎತ್ತಿಕೊಂಡರು. "ಕೀ ಹಿಡ್ಕೊಂಡೋರನ್ನೆಲ್ಲ ನಂಬಬಾರದು ಕಣ್ರೀ" ಎಂದು ಅಜ್ಜಿ ಅವರಿಗೆ ಬುದ್ಧಿ ಹೇಳಿದರು.

ನಾನು ನಗಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅವಳು ವೇದಿಕೆಯ ಮೇಲೆ ನಿಂತಿದ್ದಳು. ತಂತಿಗೆ, ಕನ್ನಡಿಗೆ, ಪಾತ್ರೆಗಳಿಗೆ ಹೇಳಿದ್ದ ಮಾತುಗಳನ್ನು ಮನುಷ್ಯರಿಗೆ ಹೇಳುತ್ತಿದ್ದಳು. ತಲುಪಿಸುವ ಜವಾಬ್ದಾರಿ ನನ್ನದೆಂದು ಎದೆ ತಟ್ಟಿಕೊಂಡವನು ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದೆ. ಅಳು ಬರುವಂತಾಯಿತು ಎಂದು ಹೇಳಲು ನಾಚಿಕೆ, ಆದರೆ ಬಂದದ್ದು ಹೌದು.

ಬಹಳ ಹೊತ್ತಿನ ಮೇಲೆ ಮಫ್ಲರ್ ಬಂದ. ಅದೇ ಮಫ್ಲರ್, ಬಗಲಲ್ಲಿ ಉದ್ದನೆಯ ಸುರುಳಿ ಕಾಗದವೊಂದು. "ಮೇಡಂ ಕಳಿಸಿದ್ರು. ಅವರ ಯಜಮಾನರು ಯಾರು?"

"ನಾನೇ!" ಎಂದು ಜಿಗಿದೆದ್ದೆ.

ಮಫ್ಲರ್ ಕದಲಲಿಲ್ಲ. "ನೀವೇ ಅಂತ ಏನು ಗ್ಯಾರಂಟಿ ಸಾರ್? ಈ ಊರಿಗೆ ಬರೋ ಪ್ಯಾಸೆಂಜರ್‌ಗಳಲ್ಲಿ ಮೋಸಗಾರರು ಜಾಸ್ತಿ."

"ಬೆಳಗ್ಗೆಯಿಂದ... ಅಲ್ಲ, ಮಧ್ಯಾಹ್ನ ನೀನೇ ನೋಡಿದ್ಯಲ್ಲಪ್ಪಾ ನನ್ನ!"

"ಮಾತು ಬದಲಾಯ್ತು ನೋಡಿ" ಎಂದ ಪೊಲೀಸಪ್ಪ.

ಮಫ್ಲರ್ ಸುರುಳಿಯನ್ನು ತನ್ನ ಕಡೆಗೆ ಅಷ್ಟೇ ಬಿಚ್ಚಿ ಒಳಗೆ ನೋಡಿದ. ನನ್ನ ಮುಖ ನೋಡಿದ. "ಒಂದು ಕಣ್ಣು ಮುಚ್ಚಿ ಸಾರ್."

"ಯಾಕೆ?"

"ಮುಚ್ಚಿ ಸಾರ್."

ಮುಚ್ಚಿದೆ. "ಹೂಂ, ಇವರೇ" ಎಂದು ಸುರುಳಿ ಸುತ್ತಿದ. ಅವನ ಭುಜದ ಮೇಲಿಂದ ಇಣುಕಿದ್ದ ಮೀಸೆ ಖೊಕ್ಕನೆ ನಕ್ಕು ಹೊರಗೋಡಿದ. ನನಗೆ ಮಾತ್ರ ಏನೂ ಅರ್ಥವಾಗಲಿಲ್ಲ.

ದಾರಿಯಲ್ಲಿ ಕೆರೆ ರಸ್ತೆ ಅಡ್ಡ ಬಂತು. ನೋಡಿದೆ. ಆನೆ ಹೂಳುವಷ್ಟು ಗುಂಡಿ! ಪಕ್ಕದಲ್ಲಿ ಪೈಪುಗಳ ರಾಶಿ. ಮಫ್ಲರ್ ಬೇಕೆಂದೇ ಅಲ್ಲಿ ಗಾಡಿ ನಿಧಾನ ಮಾಡಿದ. ನಾನು ಬೇಕೆಂದೇ ಇನ್ನೊಂದು ಕಡೆ ನೋಡಿದೆ.

"ಇಷ್ಟೊತ್ತು ಯಾಕಾಯ್ತಪ್ಪಾ?" ಎಂದೆ, ಮೆತ್ತಗೆ.

"ಮೇಡಂ ಭಾಷಣ ಕೇಳ್ತಾ ನಿಂತ್ಬಿಟ್ಟೆ ಸಾರ್. ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು. ಹಾಲ್ ಪೂರ್ತಿ ಚಪ್ಪಾಳೆ."

"ನಗೋಂಥದ್ದು ಏನಿತ್ತು?"

"ನೀವೇ ನೋಡೋರಂತೆ."

ತಲುಪಿದಾಗ ಸಭೆ ಮುಗಿದಿತ್ತು. ಒಬ್ಬ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ದೂರದ ಗೋಡೆಯ ಬಳಿ ನನ್ನ ಹೆಂಡತಿ ಖಾಲಿ ಚಹಾದ ಲೋಟ ಹಿಡಿದು ಒಬ್ಬಳೇ ನಿಂತಿದ್ದಳು. ಪಕ್ಕದಲ್ಲಿ ಅವಳ ಚಿತ್ರ.

ಚಿತ್ರದಲ್ಲಿ ಒಂದು ಬಾಗಿಲು, ಅರ್ಧ ಅಂಗುಲ ತೆರೆದಿದೆ. ದಪ್ಪ ಸರಪಳಿ. ಸಂದಿಯಲ್ಲಿ ಒಂದೇ ಒಂದು ಕಣ್ಣು, ಅರ್ಧ ಮೂಗು. ಕಣ್ಣಿನಲ್ಲಿ ಲೋಕವನ್ನೇ ನಂಬದ ಭಯಂಕರ ಸಂಶಯ! ಬಾಗಿಲಿನ ಹೊರಗೆ, ಹೊಸಿಲ ಮೇಲೆ, ಕರಗಿ ಸೋರುತ್ತಿರುವ ಐಸ್‌ಕ್ರೀಮ್. ಕೆಳಗೆ ಚಿತ್ರದ ಹೆಸರು: 'ಯಾರು?'

ಕುರ್ಚಿ ಪೇರಿಸುತ್ತಿದ್ದವನು ಚಿತ್ರ ನೋಡಿದ, ನನ್ನನ್ನು ನೋಡಿದ, ಕುರ್ಚಿ ಕೈಬಿಟ್ಟ.

"ಇದು... ನಾನಾ?" ಎಂದೆ.

"ಮೂರು ಸಲ ಕೇಳಿದ್ರೂ ಉತ್ತರ ಅದೇ" ಎಂದಳು. ಆಮೇಲೆ ಲೋಟವನ್ನು ನೋಡುತ್ತಾ ಹೇಳಿದಳು, "ಭಾಷಣದ ಕೊನೇಲಿ ನಿಮ್ಮನ್ನ ವೇದಿಕೆಗೆ ಕರೆದು, 'ನೋಡಿ, ಇವರೇ ಆ ಕಣ್ಣು' ಅನ್ನೋಣ ಅಂತಿದ್ದೆ ರೀ. ಎಲ್ಲರೂ ನಿಮಗೂ ಚಪ್ಪಾಳೆ ಹೊಡೀತಿದ್ರು. ಅದಕ್ಕೇ ನಿಮ್ಮ ಮುಂದೆ ಅಭ್ಯಾಸ ಮಾಡ್ತಿರಲಿಲ್ಲ. ಉರು ಹೊಡೆದದ್ದು ನೋಡಿ, ನೀವು ಚೌಕಿಯಲ್ಲಿರೋದು ಮರೆತು ಕರೆದೇಬಿಟ್ಟೆ. ಎಲ್ಲರೂ ಹಿಂದೆ ತಿರುಗಿ ನೋಡಿದ್ರು. ಬಾಗಿಲಲ್ಲಿ ಮಫ್ಲರ್ ಒಬ್ಬರೇ ನಿಂತಿದ್ರು. ಪಾಪ, ನಾಚ್ಕೊಂಡು ನಮಸ್ಕಾರ ಮಾಡಿದ್ರು."

"ತಪ್ಪಾಯ್ತು ಕಣೇ" ಎಂದೆ. ಒಂದೇ ಸಲ ಹೇಳಿದೆ, ಒಂದೇ ವೇಷದಲ್ಲಿ.

"ನಂಬ್ಲಾ?" ಎಂದು ಹುಬ್ಬೇರಿಸಿದಳು. ಉತ್ತರಕ್ಕೆ ಕಾಯದೆ ಬ್ಯಾಗಿನಿಂದ ನನ್ನ ಪರ್ಸು ತೆಗೆದು ಕೈಗಿಟ್ಟಳು. "ತಗೊಳ್ಳಿ. ಮಫ್ಲರ್ ಅವರಿಗೆ ನಿಮ್ಮ ಬಾಡಿಗೆ ಕೊಟ್ಟು ಬನ್ನಿ. ಮೀಟರ್ ಸರಿ ಇದೆ, ನಾನು ಬರುವಾಗ ನೋಡಿದ್ದೀನಿ."

ಮರುದಿನ ಅದೇ ಮಫ್ಲರ್ ನಮ್ಮನ್ನು ನಿಲ್ದಾಣಕ್ಕೆ ಬಿಟ್ಟ. ದಾರಿಯುದ್ದಕ್ಕೂ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾಲಿಗೆ ನವೆಯಾಗುತ್ತಿತ್ತು, ಆದರೂ ಕೇಳಲಿಲ್ಲ. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸ್ಟ್ಯಾಂಡಿನ ಗೋಡೆಯ ಮುಂದೆ ಜನ ಗುಂಪುಗೂಡಿದ್ದಾರೆ. 'ವಂಚಕರಿದ್ದಾರೆ, ಎಚ್ಚರಿಕೆ!' ಬೋರ್ಡಿನ ಪಕ್ಕದಲ್ಲಿ, ಅದಕ್ಕಿಂತ ದೊಡ್ಡದಾಗಿ, ಹೊಸದೊಂದು ಕಾಗದ ಅಂಟಿಸಿತ್ತು. ಬಾಗಿಲು, ಸರಪಳಿ, ಒಂದು ಕಣ್ಣು! ಕೆಳಗೆ ದಪ್ಪಕ್ಷರದಲ್ಲಿ: 'ಪ್ರಯಾಣಿಕರಲ್ಲೂ ಇಂಥವರಿದ್ದಾರೆ. ಚಾಲಕರೇ, ಎಚ್ಚರಿಕೆ!'

"ಇದು ಮಾನನಷ್ಟ! ಯಾರ ಅನುಮತಿ ತಗೊಂಡು ಅಂಟಿಸಿದ್ರು ಇದನ್ನ?" ಎಂದು ಕೂಗಿದೆ.

"ನಂದು" ಎಂದಳು ಹೆಂಡತಿ. "ಪ್ರದರ್ಶನದೋರು ಅಚ್ಚು ಹಾಕಿಸಿದ್ರಲ್ಲ, ಮಫ್ಲರ್ ಒಂದು ಪ್ರತಿ ಕೇಳಿದ್ರು. ಪ್ರೀತಿಯಿಂದ ಸಹಿ ಹಾಕಿ ಕೊಟ್ಟೆ. ನೋಡಿ, ಇಷ್ಟು ಜನ ನನ್ನ ಚಿತ್ರ ಯಾವತ್ತು ನೋಡಿದ್ರು?"

ಅವಳ ಮುಖ ಹೊಳೆಯುತ್ತಿತ್ತು. ಕಾಗದದ ಒಂದು ಮೂಲೆ ಎದ್ದಿತ್ತು, ಗುಂಪಿನೊಳಗೆ ಕೈ ತೂರಿಸಿ ನಾನೇ ಒತ್ತಿ ಅಂಟಿಸಿದೆ.

ಅಷ್ಟರಲ್ಲಿ ಆಗಷ್ಟೇ ರೈಲಿಳಿದ ಒಬ್ಬ ಮನುಷ್ಯ ಗುಂಪಿನೊಳಗೆ ನುಗ್ಗಿದ. ಮೊಬೈಲ್ ತೆಗೆದು ಆ ಕಾಗದದ ಫೋಟೋ ಹೊಡೆದುಕೊಂಡ. ಪಕ್ಕದಲ್ಲಿದ್ದ ಹೆಂಡತಿಗೆ ಗತ್ತಿನಿಂದ ಹೇಳಿದ: "ನೋಡಿದ್ಯಾ? ಇಂಥವರನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ."

ಹೇಳಿ ತಿರುಗಿದವನು ನನ್ನನ್ನು ನೋಡಿದ. ತನ್ನ ಬ್ಯಾಗನ್ನು ಎದೆಗವಚಿಕೊಂಡು, ಹೆಂಡತಿಯ ಕೈ ಹಿಡಿದು, ಓಡಿಹೋಗಿ ಮಫ್ಲರ್‌ನ ಟ್ಯಾಕ್ಸಿ ಹತ್ತಿದ.